ಜಗಲಿಗೆ ಹಾಕಿ

ಸೆಪ್ಟೆಂಬರ್ 3, ಬುಧವಾರ

ಇವತ್ತೂ ಬೆಳಗಿನ ಮೊದಲ ಕೆಲಸ ಫೋನಿನ ಗುಂಪಿಗೆ ಬಂದ ಬೇಡದ ಸಂದೇಶ ಅಳಿಸುವುದು. ನಮ್ಮ ಗುಂಪಿನ ಹೆಸರು ‘ಕಪ್ಪೆ ಕೂಗು’. ಮಳೆ ಬಂದ ಸಂಜೆ ಕಪ್ಪೆಗಳ ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಬೇಕು, ಊರಿನ ಹೆಸರು ಬರೆದು ಗುಂಪಿಗೆ ಹಾಕಬೇಕು. ಯಾವ ಕಪ್ಪೆ ಎಂದು ಗೊತ್ತಿದ್ದವರು ಹೇಳುತ್ತಾರೆ, ಮೈಸೂರಿನ ಸಂಶೋಧಕರು ಅದನ್ನು ತಮ್ಮ ಅಧ್ಯಯನಕ್ಕೆ ತೆಗೆದುಕೊಳ್ಳುತ್ತಾರೆ. ಕೆಲಸ ಇಷ್ಟೇ. ಇದರ ನಡುವೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಯಾಕೆ? ಯಳಂದೂರಿನ ಪುಟ್ಟಮಲ್ಲಮ್ಮನವರ ಮನೆಯ ಉಪ್ಸಾರಿನ ಫೋಟೋ ಯಾಕೆ? ಮಾರ್ಟಳ್ಳಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಮುತ್ತಯ್ಯನಂತೂ ದಿನಾ ಮಧ್ಯಾಹ್ನ ತಪ್ಪದೆ ‘ಎಲ್ರುದೂ ಊಟ ಆಯ್ತಾ?’ ಎಂದು ಹಾಕುತ್ತಾನೆ. ಗುಂಪಿನಲ್ಲಿರುವ ಇನ್ನೂರು ಜನವೂ ‘ಆಯ್ತು’ ಎನ್ನಲು ಹೊರಟರೆ ಕಪ್ಪೆಯ ಮಾತು ಕೇಳುವವರು ಯಾರು?

ಇಂಥದ್ದಕ್ಕೆಂದೇ ಪಕ್ಕದಲ್ಲಿ ಇನ್ನೊಂದು ಗುಂಪು ಮಾಡಿ ‘ಜಗಲಿ’ ಎಂದು ಹೆಸರಿಟ್ಟಿದ್ದೇವೆ. ಕಪ್ಪೆ ಬಿಟ್ಟು ಮಿಕ್ಕಿದ್ದೆಲ್ಲ ಅಲ್ಲಿಗೆ. ‘ಜಗಲಿಗೆ ಹಾಕಿ’ ಎಂದು ನಾನು ಎಷ್ಟು ಸಲ ಬರೆದಿದ್ದೇನೆಂದರೆ ‘ಜ’ ಒತ್ತಿದರೆ ಸಾಕು, ಉಳಿದದ್ದನ್ನು ಫೋನೇ ಮುಂದಿಡುತ್ತದೆ. ಆ ಜಗಲಿಯ ಸದ್ದು ಬಂದ್ ಮಾಡಿಟ್ಟು ವರ್ಷವಾಯಿತು. ಇಣುಕಿಯೂ ನೋಡುವುದಿಲ್ಲ.

ಗುರುಪಾದಸ್ವಾಮಿಯವರು ಫೋನ್ ಮಾಡಿದ್ದರು. ಮಧುವನಹಳ್ಳಿಯವರು, ನಿವೃತ್ತ ಹೆಡ್ ಮಾಸ್ಟರು. ಗುಂಪು ಕಟ್ಟಿದ್ದು ಅವರೇ, ನಾನು ಎರಡನೆಯ ಅಡ್ಮಿನ್.

‘ಮೈಸೂರಿನೋರು ಬೇಜಾರ್ ಮಾಡ್ಕಂಡವ್ರೆ ಮೇಡಂ. ಕೂಗು ಕಮ್ಮಿ, ಮಾತು ಜಾಸ್ತಿ ಅಂತಾವ್ರೆ. ಜಗಲಿ ಮುಚ್ಚುಬುಡವಾ?’

‘ನಾಳೆಯೇ ಮುಚ್ಚಿ ಸಾರ್.’

‘ನಾಳೆ ಬ್ಯಾಡಿ. ಜನ ಬೈಕತಾರೆ. ಅಕ್ಟೋಬರ್ ಒಂದು ಅಂತ ಮಡಿಕಳವ.’

ಕಾಲೇಜಿನಿಂದ ಮನೆಗೆ ಬಂದಾಗ ಯಜಮಾನರು ಗೋಡೆಯ ಕಡೆ ತಿರುಗಿ ಮಲಗಿದ್ದರು. ಜುಲೈನಲ್ಲಿ ಇವರಿಗೆ ಲಕ್ವ ಹೊಡೆಯಿತು. ಬಲಗಾಲು ಸ್ವಲ್ಪ ಸ್ವಲ್ಪ ಬರುತ್ತಿದೆ, ಬಲಗೈ ಇನ್ನೂ ಹಿಡಿತಕ್ಕೆ ಬಂದಿಲ್ಲ, ಮಾತು ಒಂದೂ ಇಲ್ಲ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ. ಬಾಯಿ ತೆರೆದರೆ ಗಂಟಲಿನಿಂದ ಒಂದು ಸದ್ದು ಬರುತ್ತದೆ, ಅಷ್ಟೇ. ಪಂಪು ಮೋಟರಿನ ಅಂಗಡಿಯಲ್ಲಿ ದಿನವಿಡೀ ಮಾತಾಡಿಕೊಂಡಿದ್ದ ಮನುಷ್ಯ. ಗಿರಾಕಿ ಸುಟ್ಟ ಮೋಟರು ಹೊತ್ತು ತಂದರೆ ಮೊದಲು ಅವನ ಊಟ ವಿಚಾರಿಸಿ, ಆಮೇಲೆ ಅವನ ತಂಗಿಯ ಮದುವೆ ವಿಚಾರಿಸಿ, ಆಮೇಲೆ ಮೋಟರಿಗೆ ಬರುತ್ತಿದ್ದರು. ಅದಕ್ಕೆ ಎಷ್ಟು ರೇಗಿದ್ದೇನೋ. ಈಗ ನಮ್ಮ ಮನೆಯಲ್ಲಿ ಕುಕ್ಕರ್ ಕೂಗಿದರೆ ಅದೇ ದೊಡ್ಡ ಮಾತು.

ಸೆಪ್ಟೆಂಬರ್ 6, ಶನಿವಾರ

ಮೈಸೂರಿಗೆ ಹೋಗಿ ಬಂದೆವು. ಇವರನ್ನು ಕಾರಿಗೆ ಹತ್ತಿಸಿ ಇಳಿಸಿ ನನ್ನ ಸೊಂಟ ಬಿದ್ದುಹೋಗಿದೆ. ಮಾತು ಕಲಿಸುವ ಹುಡುಗಿ ನನ್ನ ವಿದ್ಯಾರ್ಥಿನಿಯರಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಇವರನ್ನು ಬಿಟ್ಟು ನನ್ನನ್ನೇ ಪರೀಕ್ಷೆಗೆ ಕೂರಿಸಿದಳು.

‘ಮನೇಲಿ ಸರ್ ಹತ್ರ ಏನೇನ್ ಮಾತಾಡ್ತೀರ ಮ್ಯಾಡಂ?’

ಯೋಚಿಸಿದೆ. ಏಳಿ. ಬಾಯಿ ತೆಗೆಯಿರಿ. ನುಂಗಿ. ಹುಷಾರು. ಮಲಗಿ.

‘ಅದು ಮಾತಲ್ಲ ಮ್ಯಾಡಂ, ಆರ್ಡರ್’ ಎಂದಳು. ಮೊದಲ ಕೆಲವು ತಿಂಗಳು ಬಹಳ ಮುಖ್ಯವಂತೆ. ಈಗ ಕಿವಿಗೆ ಮಾತು ಬೀಳದಿದ್ದರೆ, ಮಾತಿಗೆ ಎಳೆಯದಿದ್ದರೆ, ಬರಬೇಕಾದ ಮಾತೂ ಬರದೆ ಹೋಗಬಹುದಂತೆ. ಸಂಜೆ ಕಿಟಕಿಯ ಹತ್ತಿರ ಕೂರಿಸಿ ಆ, ಊ, ಓ ಹೇಳಿಸಬೇಕು. ಮಿಕ್ಕ ಹೊತ್ತೆಲ್ಲ ಏನಾದರೂ ಮಾತಾಡುತ್ತಿರಬೇಕು.

‘ಏನಾದರೂ ಎಂದರೆ?’

‘ಏನಾದ್ರೂ. ಸುಮ್ನೆ ಹರಟೆ.’

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವಳು. ಹರಟೆ ಹೊಡೆಯುವವರನ್ನು ಕ್ಲಾಸಿನಿಂದ ಹೊರಗೆ ನಿಲ್ಲಿಸಿ ಗೊತ್ತು, ಹೊಡೆದು ಗೊತ್ತಿಲ್ಲ. ನಮ್ಮ ಮನೆಯಲ್ಲಿ ಮಾತು ಅವರ ಪಾಲು, ಹೂಂಗುಟ್ಟುವುದು ನನ್ನ ಪಾಲು. ಮದುವೆಯಾದಾಗಿನಿಂದ ಹಾಗೇ ನಡೆದಿತ್ತು.

ಸೆಪ್ಟೆಂಬರ್ 9, ಮಂಗಳವಾರ

ಪ್ರಯತ್ನ ಮಾಡಿದೆ. ಪೇಪರ್ ಓದಿ ಹೇಳಿದೆ, ಕಣ್ಣು ಮುಚ್ಚಿಕೊಂಡರು. ‘ಇವತ್ತು ಕಾಲೇಜಿನಲ್ಲಿ ಹೃದಯದ ಪಾಠ ಮಾಡಿದೆ’ ಎಂದು ಶುರು ಮಾಡಿದವಳು ಕವಾಟಗಳವರೆಗೂ ಹೋಗಿಬಿಟ್ಟೆ. ಗೋಡೆಯ ಕಡೆ ತಿರುಗಿದರು.

ನಾನು ಕಾಲೇಜಿಗೆ ಹೋದಾಗ ಇವರನ್ನು ನೋಡಿಕೊಳ್ಳುವವಳು ಚಿಕ್ಕಮಾದಮ್ಮ, ಹಿಂದಿನ ಬೀದಿಯವಳು. ಬಾಗಿಲಲ್ಲಿ ನಿಂತು ನೋಡಿ ನಕ್ಕಳು.

‘ಉಸಾರಿಲ್ದೋರ್ಗೆ ಯಾರಾರಾ ಪಾಟ ಏಳ್ಕೊಡ್ತಾರಾ ಮೇಡಮ್ಮೋರೆ?’

‘ಹಾಗಾದರೆ ನೀನೇ ಮಾತಾಡಿಸು.’

‘ಅಯ್ಯೋ, ನಂಗೆ ಯಜಮಾನ್ರ ಮುಂದ್ಕ ಮಾತೇ ಒರಡದಿಲ್ಲ. ನಾಚ್ಕ ಆಯ್ತದೆ.’

ಆ, ಊ, ಓ ಹೇಳಿಸಲು ಕೂತರೆ ತುಟಿಯನ್ನೇ ಬಿಚ್ಚುವುದಿಲ್ಲ. ಇವತ್ತು ರೇಗಿಬಿಟ್ಟೆ. ಆಮೇಲೆ ಅಡುಗೆಮನೆಯಲ್ಲಿ ನಿಂತೇ ಎರಡು ತುತ್ತು ತಿಂದೆ. ಕೂತು ತಿಂದರೆ ಏಳಲಾಗುವುದಿಲ್ಲವೇನೋ ಅನ್ನಿಸುತ್ತದೆ. ಸಾಕಾಗಿದೆ.

ಸೆಪ್ಟೆಂಬರ್ 13, ಶನಿವಾರ

ಮುಚ್ಚುವ ನೋಟೀಸು ಹಾಕಬೇಕಲ್ಲ ಎಂದು ಬಹಳ ದಿನಗಳ ಮೇಲೆ ಜಗಲಿಗೆ ಹೋದೆ. ಅಲ್ಲಿ ನಡೆಯುತ್ತಿದ್ದ ಘನವಾದ ಚರ್ಚೆ ಇದು. ಮುತ್ತಯ್ಯನ ಅಂಗಡಿಯ ಹೊಸ ಟೈರಿನೊಳಗೆ ಕೋಳಿಯೊಂದು ಮೊಟ್ಟೆ ಇಟ್ಟು ಕಾವು ಕೂತುಬಿಟ್ಟಿದೆ. ಅದೇ ಅಳತೆಯ ಟೈರು ಬೇಕೆಂದು ಹನೂರಿನಿಂದ ಗಿರಾಕಿ ಬಂದು ನಿಂತಿದ್ದಾನೆ. ಏನು ಮಾಡುವುದು?

ಇದಕ್ಕೆ ನಮ್ಮ ವಿಜ್ಞಾನಿಗಳು ಬರೆದಿರುವುದೇನು! ಒಬ್ಬರು ಕಾವಿನ ಉಷ್ಣಾಂಶ ಹೇಳುತ್ತಾರೆ. ಇನ್ನೊಬ್ಬರು ರಬ್ಬರಿನ ವಾಸನೆ ಮರಿಗಳಿಗೆ ಆಗದು ಎನ್ನುತ್ತಾರೆ. ಇವರಿಗೂ ತೋರಿಸೋಣ ಈ ಜನರ ಕೆಲಸ ಎಂದು ಮಂಚದ ಪಕ್ಕ ಕೂತು ಸಿಟ್ಟಿನಿಂದಲೇ ಗಟ್ಟಿಯಾಗಿ ಓದಿದೆ. ಮುತ್ತಯ್ಯನ ಧ್ವನಿ ಸಂದೇಶವನ್ನೂ ಹಾಕಿದೆ.

‘ಎಬ್ಬುಸಾಕೆ ಓದ್ರೆ ಕುಟುಕ್ತದೆ ಕಣ್ರಿ. ಕೈಯೆಲ್ಲಾ ತೂತು. ಟೈರ್ ಪಂಕ್ಚರ್ ಆದ್ರೆ ನಾನ್ ಆಕ್ತೀನಿ, ನನ್ ಕೈ ಪಂಕ್ಚರ್ ಯಾರ್ ಆಕರು?’

ಅದಕ್ಕೆ ಪುಟ್ಟಮಲ್ಲಮ್ಮ. ಮೊದಲು ನರ್ಸಾಗಿದ್ದವರು. ‘ಬಾಣಂತೀನ ಎಬ್ಬುಸ್ಬ್ಯಾಡ ಕಣಪ್ಪಾ. ಗಿರಾಕಿಗೆ ಟೀ ಕುಡ್ಸಿ ಕಳ್ಸು.’

ತಲೆಯೆತ್ತಿ ನೋಡಿದರೆ ಇವರು ನನ್ನ ಕಡೆ ತಿರುಗಿದ್ದರು. ಫೋನನ್ನೇ ನೋಡುತ್ತಿದ್ದರು. ನಾನು ನಿಲ್ಲಿಸಿದೆ. ಎಡಗೈಯಿಂದ ಹಾಸಿಗೆಯ ಮೇಲೆ ತಟ್ಟಿದರು. ಮತ್ತೆ ಓದಿದೆ.

ನೋಟೀಸು ಹಾಕಲು ಮರೆತೆ. ನಾಳೆ ಹಾಕಬೇಕು.

ಸೆಪ್ಟೆಂಬರ್ 17, ಬುಧವಾರ

ಸಂಜೆ ಒಳ್ಳೆ ಮಳೆ. ಹಿತ್ತಿಲ ಮೋರಿಯ ಪಕ್ಕ ಕಪ್ಪೆಗಳು ಜೋರಾಗಿದ್ದವು. ಕಿಟಕಿಯ ಕಟ್ಟೆಯ ಮೇಲೆ ಫೋನನ್ನು ರೆಕಾರ್ಡಿಗೆ ಇಟ್ಟು ಅಡುಗೆಮನೆಗೆ ಹೋದೆ. ಇವರು ಅಲ್ಲೇ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಬಂದು ನೋಡುವಷ್ಟರಲ್ಲಿ ಮಳೆಯೂ ನಿಂತಿತ್ತು. ಒಮ್ಮೆ ಕೇಳಿ ನೋಡಿ ಹಾಕಬೇಕು ಎಂಬುದು ನಾನೇ ಮಾಡಿದ ನಿಯಮ. ಆಗಲಿಲ್ಲ. ಕೊಳ್ಳೇಗಾಲ ಎಂದು ಊರಿನ ಹೆಸರು ಬರೆದು ಹಾಗೇ ಹಾಕಿದೆ. ಸುಸ್ತು.

ಸೆಪ್ಟೆಂಬರ್ 18, ಗುರುವಾರ

ಇವತ್ತಿನದನ್ನು ಬರೆಯಲೇ ಬೇಡವೇ ಎಂದು ಯೋಚಿಸಿದೆ.

ಬೆಳಗ್ಗೆ ಕಾಲೇಜಿಗೆ ಹೋಗಿ ಫೋನು ತೆಗೆದರೆ ಗುಂಪಿನ ತುಂಬ ನನ್ನ ರೆಕಾರ್ಡಿನದೇ ಮಾತು. ಹಿಂದೆ ಕೇಳುತ್ತಿರುವುದು ಗದ್ದೆಗಪ್ಪೆ, ಸರಿ, ಆದರೆ ಮುಂದೆ ಕೇಳುತ್ತಿರುವ ದಪ್ಪ ದನಿ ಯಾವುದು ಎಂದು ಗುರುಪಾದಸ್ವಾಮಿ. ಬಿಲಗಪ್ಪೆ ಇರಬಹುದೇ ಎಂದು ಪುಟ್ಟಮಲ್ಲಮ್ಮ. ಬಿಲಗಪ್ಪೆಗೆ ಇಷ್ಟು ಎಳೆದು ಕೂಗಲು ಬರುವುದಿಲ್ಲ ಎಂದು ಗೋಪಿನಾಥಂನವರೊಬ್ಬರು. ಯಾರೋ ಹೊಸ ಜಾತಿಯೇ ಇರಬೇಕು ಎಂದಿದ್ದರು. ಮೈಸೂರಿನ ಸಂಶೋಧಕರು ಕೂಡ ‘ಕುತೂಹಲಕರವಾಗಿದೆ. ಅದೇ ಜಾಗದಲ್ಲಿ ಇನ್ನೊಮ್ಮೆ ರೆಕಾರ್ಡ್ ಮಾಡಲು ಸಾಧ್ಯವೇ?’ ಎಂದು ಕೇಳಿದ್ದರು.

ಸ್ಟಾಫ್ ರೂಮಿನಲ್ಲಿ ಇಯರ್ ಫೋನ್ ಹಾಕಿಕೊಂಡು ಕೇಳಿದೆ.

ಇವರು. ಆ... ಆ... ಆಮೇಲೆ ಬಹಳ ಹೊತ್ತು ತಡೆದು, ಊ... ಮತ್ತೆ ಊ... ನಾನು ಎದುರು ಕೂತು ಬೇಡಿಕೊಂಡಾಗ ತುಟಿ ಬಿಚ್ಚದವರು, ನಾನು ಅಡುಗೆಮನೆಗೆ ಹೋದ ಮೇಲೆ ಒಬ್ಬರೇ ಕೂತು ಹೇಳಿಕೊಳ್ಳುತ್ತಿದ್ದಾರೆ. ಎಷ್ಟು ದಿನದಿಂದ ಹೀಗೆ ಮಾಡುತ್ತಿದ್ದರೋ ನನಗೆ ಗೊತ್ತಿಲ್ಲ.

ಅಷ್ಟರಲ್ಲಿ ಜಗಲಿಯಲ್ಲಿ ಮುತ್ತಯ್ಯ: ‘ಕೊಳ್ಳೇಗಾಲದ ಕಪ್ಪೆಗೆ ಗಂಟ್ಲು ಕಟ್ಕಂಡದೆ. ಯಾರಾರಾ ಮೆಣಸಿನ ಸಾರು ಕುಡ್ಸ್ರಪ್ಪೋ.’ ಕೆಳಗೆ ಸಾಲಾಗಿ ನಗುವ ಮುಖಗಳು.

ಗುಂಪಿನಲ್ಲಿ ಬರೆದೆ: ‘ಅದು ಕಪ್ಪೆಯಲ್ಲ. ನನ್ನ ಯಜಮಾನರು, ಬಸವೇಶ. ಲಕ್ವದಿಂದ ಮಾತು ಹೋಗಿದೆ. ಅಭ್ಯಾಸ ಮಾಡುತ್ತಿದ್ದರು. ಕೇಳದೆ ಹಾಕಿದ್ದು ನನ್ನ ತಪ್ಪು. ದಾಖಲೆಯಿಂದ ತೆಗೆಯಿರಿ.’

ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತೆ. ನಕ್ಕವರ ಮೇಲೆ ಸಿಟ್ಟು ಮಾಡುವಂತೆಯೂ ಇಲ್ಲ. ಇವರಿಗೆ ಹೀಗಾಗಿದೆ ಎಂದು ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗುರುಪಾದಸ್ವಾಮಿಯವರಿಗೂ ಹೇಳಿರಲಿಲ್ಲ. ಹೇಳುವುದಾದರೂ ಎಲ್ಲಿ? ಅದು ಕಪ್ಪೆಯ ವಿಷಯವಲ್ಲವಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಜಗಲಿಯಲ್ಲಿ ಇವತ್ತು ಒಂದು ಸಂದೇಶವೂ ಇಲ್ಲ. ಮಧ್ಯಾಹ್ನ ಊಟ ಆಯ್ತಾ ಎಂದೂ ಯಾರೂ ಕೇಳಲಿಲ್ಲ. ನನಗೆ ಬೇಕಾಗಿದ್ದೂ ಇದೇ.

ತಲೆನೋವು.

ಸೆಪ್ಟೆಂಬರ್ 21, ಭಾನುವಾರ

ದಸರಾ ರಜೆ. ಬೆಳಗ್ಗೆಯಿಂದ ಇವರು ಫೋನಿನ ಕಡೆ ಕೈ ತೋರಿಸುತ್ತಲೇ ಇದ್ದರು. ಏನು ಬೇಕು ಎಂದರೆ ಹೇಳಲಾಗದು. ಅಂಗಡಿಗೆ ಫೋನ್ ಮಾಡಬೇಕೇ? ಅಲ್ಲ. ನನ್ನ ತಮ್ಮನಿಗೆ? ಅಲ್ಲ. ಕೊನೆಗೆ ಎಡಗೈಯ ಬೆರಳುಗಳನ್ನು ಕೊಕ್ಕಿನಂತೆ ಕೂಡಿಸಿ ನನ್ನ ಮುಂಗೈಯನ್ನು ಕುಟುಕಿದರು. ಕೋಳಿ!

ಜಗಲಿಯಲ್ಲಿ ಯಾರೂ ಮಾತಾಡುತ್ತಿಲ್ಲ ಎಂದೆ. ಯಾಕೆ ಎನ್ನುವಂತೆ ಹುಬ್ಬೆತ್ತಿದರು. ಹೇಳಬಾರದು ಅಂದುಕೊಂಡಿದ್ದೆ, ಆದರೆ ಬೇರೆ ಸುಳ್ಳು ಹೊಳೆಯಲಿಲ್ಲ. ಹೇಳಿದೆ. ನಿಮ್ಮ ಆ-ಊ ಎಲ್ಲ ಹೋಗಿ ಕಪ್ಪೆಯ ಗುಂಪಿಗೆ ಬಿತ್ತು, ನಿಮ್ಮನ್ನು ಬಿಲಗಪ್ಪೆಯೋ ಬೇರೆ ಯಾವುದೋ ಎಂದು ಒಂದಿಡೀ ಬೆಳಗ್ಗೆ ಜಗಳವಾಡಿದರು, ಮೈಸೂರಿನವರು ಇನ್ನೊಮ್ಮೆ ಕೂಗಿಸಿ ಎಂದಿದ್ದಾರೆ, ಮುತ್ತಯ್ಯ ಮೆಣಸಿನ ಸಾರು ಕುಡಿಸಿ ಎಂದಿದ್ದಾನೆ.

ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಎದೆ ಗಟ್ಟಿ ಮಾಡಿಕೊಂಡೆ. ಆಮೇಲೆ ಅವರ ಹೊಟ್ಟೆ ಅಲುಗಿತು. ಭುಜ ಅಲುಗಿತು. ನಕ್ಕರು. ಒಂದು ಕಡೆಗೆ ವಾಲಿದ ಬಾಯಲ್ಲೇ, ಅಂಗಡಿಯಲ್ಲಿ ನಗುತ್ತಿದ್ದ ಅದೇ ದನಿಯಲ್ಲಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆ ದನಿ ಒಳಗೆ ಹಾಗೇ ಇದೆ! ಚಿಕ್ಕಮಾದಮ್ಮ ಏನೋ ಆಗಿಹೋಯಿತೆಂದು ಓಡಿ ಬಂದಳು.

ಇವರ ಸಲುವಾಗಿ ಜಗಲಿಯಲ್ಲಿ ಬರೆಯಬೇಕಾಯಿತು. ‘ವಿಷಯ ಕೇಳಿ ಯಜಮಾನರು ತುಂಬಾ ನಕ್ಕರು. ಕೋಳಿ ಏನಾಯಿತು ಎಂದು ಕೇಳುತ್ತಿದ್ದಾರೆ.’

ಬಾಗಿಲು ತೆಗೆದ ಹಾಗಾಯಿತು. ಎಲ್ಲರೂ ಒಟ್ಟಿಗೇ ಬಂದರು. ಮುತ್ತಯ್ಯ ಧ್ವನಿ ಸಂದೇಶ ಕಳಿಸಿದ. ‘ತಪ್ಪಾಯ್ತು ಮೇಡಂ. ನಂದೊಂದ್ ಬಾಯಿ, ಅಂಗೇ ಓಡ್ಬುಡ್ತದೆ. ಅಣ್ಣಾವ್ರ ಅಂಗ್ಡೀಲೇ ನಮ್ ಬಾವಿ ಮೋಟ್ರು ತಕಂಡಿದ್ದು. ಅವತ್ತು ನಂಗೆ ಊಟ ಆಕ್ಸಿ ಕಳ್ಸಿದ್ರು. ಅವರೇ ಅಂತ ಗೊತ್ತಿಲ್ದಂಗ್ ಆಡ್ಬುಟ್ಟೆ. ಕೋಳಿ ಚೆನ್ನಾಗದೆ. ಟೈರ್ ಬುಟ್ಟು ಎದ್ದಿಲ್ಲ. ಅಂಗಂತ ಅಣ್ಣಾವ್ರಿಗೆ ಏಳಿ.’

ಇವರು ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದರು.

ಸೆಪ್ಟೆಂಬರ್ 25, ಗುರುವಾರ

ಕೆಟ್ಟ ದಿನ. ಏನೋ ಹೇಳಲು ಹೋದರು, ಬರಲಿಲ್ಲ. ಮತ್ತೆ ಹೋದರು, ಬರಲಿಲ್ಲ. ತಟ್ಟೆ ತಳ್ಳಿದರು. ಅನ್ನ ಸಾರು ನೆಲಕ್ಕೆ, ನನ್ನ ಸೀರೆಗೆ. ಚಿಕ್ಕಮಾದಮ್ಮನೂ ಹೋಗಿಯಾಗಿತ್ತು. ನೆಲ ಒರೆಸುತ್ತ, ಇನ್ನು ಈ ಮನುಷ್ಯನ ಬಾಯಿಂದ ಮಾತೇ ಬರುವುದಿಲ್ಲ, ನಾನು ಹೀಗೇ ಒರೆಸುತ್ತ ಇರುತ್ತೇನೆ ಅನ್ನಿಸಿತು. ಅನ್ನಿಸಿದ್ದು ಸುಳ್ಳಲ್ಲ, ಬರೆದಿಡುತ್ತೇನೆ. ನಾನು ಉಣ್ಣಲಿಲ್ಲ.

ಮುತ್ತಯ್ಯ ನನಗೆ ಬೇರೆಯಾಗಿ ಕಳಿಸಿದ್ದ: ‘ಮೇಡಂ, ಸಾಪ್ಟಾಚಾ? ಊಟ ಆಯ್ತಾ?’ ಮಾರ್ಟಳ್ಳಿಯವರು ಒಂದೇ ಪ್ರಶ್ನೆಯನ್ನು ತಮಿಳಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಕೇಳುತ್ತಾರೆ. ಅಭ್ಯಾಸಬಲ, ಅಳಿಸಿದೆ.

ಸೆಪ್ಟೆಂಬರ್ 29, ಸೋಮವಾರ

ಪುಟ್ಟಮಲ್ಲಮ್ಮ ಹೇಳಿದ ಹಾಗೆ ಉಪ್ಸಾರು ಮಾಡಿದೆ. ಖಾರಕ್ಕೆ ಬೆಳ್ಳುಳ್ಳಿ ಸುಟ್ಟು ಹಾಕಬೇಕಂತೆ. ಇಷ್ಟು ವರ್ಷ ನಾನು ಹಸಿಯದನ್ನೇ ಅರೆಯುತ್ತಿದ್ದೆ. ಇವರು ಎರಡನೇ ಸಲ ಹಾಕಿಸಿಕೊಂಡರು. ಫೋಟೋ ತೆಗೆದು ಜಗಲಿಗೆ ಹಾಕಿದೆ, ಪುಟ್ಟಮಲ್ಲಮ್ಮ ಕೇಳಿದ್ದರಿಂದ. ಸೊಪ್ಪು ಬೆಂದಿದ್ದು ಜಾಸ್ತಿಯಾಯಿತು ಎಂದರು. ಫೋಟೋದಲ್ಲೇ ಹೇಗೆ ಗೊತ್ತಾಯಿತೋ!

ಈಗ ಸಂಜೆ ಹೊತ್ತು ಇವರ ಹೆಸರಿಗೇ ಧ್ವನಿ ಸಂದೇಶಗಳು ಬರುತ್ತವೆ. ಗೋಪಿನಾಥಂನವರು ಇವತ್ತೂ ಬಸ್ಸು ಬರಲಿಲ್ಲವೆಂದೂ, ಕಾದು ಕಾದು ಬಸ್ ಸ್ಟ್ಯಾಂಡಿನಲ್ಲಿ ಒಂದು ಮದುವೆ ಮಾತುಕತೆಯೇ ಶುರುವಾಯಿತೆಂದೂ ಹೇಳಿದರು. ಹುಡುಗಿಯ ಕಡೆಯವರಿಗೆ ಹುಡುಗನ ಚಿಕ್ಕಪ್ಪ ಹಿಡಿಸಲಿಲ್ಲವಂತೆ. ಮುಂದೇನಾಯಿತು ಎಂದು ಕೇಳಿದ್ದೇನೆ, ಇನ್ನೂ ಉತ್ತರವಿಲ್ಲ. ಕೇಳುವಾಗ ಇವರ ತುಟಿ ಸುಮ್ಮನಿರುವುದಿಲ್ಲ, ಒಳಗೇ ಉತ್ತರ ಕೊಡುತ್ತಿರುವಂತೆ ಅಲುಗುತ್ತದೆ. ಮಾತು ಮಾತ್ರ ಬಂದಿಲ್ಲ.

ಗುರುಪಾದಸ್ವಾಮಿಯವರ ಫೋನು. ‘ಏನ್ಮಾಡವ ಮೇಡಂ? ನಾಳಿದ್ದು ಒಂದನೇ ತಾರೀಕು. ನೋಟೀಸೂ ಆಕಿಲ್ಲ ನೀವು.’

ಈಗ ಬೇಡ ಸಾರ್, ಮಳೆಗಾಲದ ಮಧ್ಯೆ ಬದಲಾವಣೆ ಮಾಡಿದರೆ ಜನ ಗೊಂದಲಕ್ಕೆ ಬೀಳುತ್ತಾರೆ, ರೆಕಾರ್ಡಿಗೇ ತೊಂದರೆ ಎಂದೆ. ಶುದ್ಧ ಆಡಳಿತದ ಕಾರಣ. ಅವರು ಹೂಂ ಎಂದು, ‘ಆ ಗೋಪಿನಾಥಂ ಮದ್ವೆ ಏನಾಯ್ತು, ಗೊತ್ತಾಯ್ತಾ?’ ಎಂದು ಕೇಳಿ ಫೋನಿಟ್ಟರು.

ಅಕ್ಟೋಬರ್ 5, ಭಾನುವಾರ

ಮರಿ ಒಡೆದಿವೆ. ಮಧ್ಯಾಹ್ನ ಮುತ್ತಯ್ಯ ವಿಡಿಯೋ ಹಾಕಿದ. ಟೈರಿನ ಅಂಚಿನ ಮೇಲೆ ಹಳದಿ ಮರಿಗಳು ಹತ್ತುವುದು, ಬೀಳುವುದು. ಜಗಲಿಯ ತುಂಬ ಸಂಭ್ರಮ. ಟೈರು ಇನ್ನೂ ಹೊಸದೇ ಎಂದು ಮಾರಬಹುದೇ ಎಂದು ಆಗಲೇ ವಾದ ಶುರುವಾಗಿತ್ತು.

ಇವರಿಗೆ ತೋರಿಸಿದೆ. ನೋಡಿ ನೋಡಿ ನಕ್ಕರು. ಕಪ್ಪೆಯ ಗುಂಪಿಗೂ ಒಮ್ಮೆ ಹೋಗಿ ನಿನ್ನೆಯ ಕೂಗುಗಳನ್ನು ನೋಡುತ್ತಿದ್ದೆ, ಅಷ್ಟರಲ್ಲಿ ಹಾಲು ಉಕ್ಕಿತು. ಫೋನನ್ನು ಇವರ ತೊಡೆಯ ಮೇಲೆ ಇಟ್ಟು ಓಡಿದೆ. ಬರುವಾಗ ಇವರಿಗೆ ಅನ್ನ ಕಲಸಿಕೊಂಡು ಬಂದೆ.

ಎಡಗೈಯ ಹೆಬ್ಬೆರಳಿನಿಂದ ಫೋನಿನ ಮೈಕನ್ನು ಒತ್ತಿ ಹಿಡಿದಿದ್ದರು. ನಾನು ದಿನಾ ಮಾಡುವುದನ್ನು ನೋಡಿದ್ದರಲ್ಲ. ಮುಖವೆಲ್ಲ ಬೆವರು. ನಾನು ತಟ್ಟೆ ಹಿಡಿದು ಅಲ್ಲೇ ನಿಂತೆ.

‘ಊ... ಊ... ಊ...ಟ.’

ತಡೆದರು.

‘ಆ...ಯ್ತಾ.’

ಬೆರಳು ಬಿಟ್ಟರು. ಹೋಯಿತು.

ನೋಡಿದರೆ ಹೋಗಿದ್ದು ಜಗಲಿಗಲ್ಲ, ‘ಕಪ್ಪೆ ಕೂಗು’ ಗುಂಪಿಗೆ. ನಾನೇ ಅಲ್ಲಿ ತೆರೆದಿಟ್ಟು ಹೋಗಿದ್ದೆ. ನನ್ನ ಬೆರಳು ತನ್ನಷ್ಟಕ್ಕೆ ಅಳಿಸಲು ಹೋಯಿತು. ಅದು ಮುಟ್ಟುವ ಮೊದಲೇ ಕೆಳಗೆ ಉತ್ತರ ಬಂತು. ಗುರುಪಾದಸ್ವಾಮಿಯವರದು, ಬೇರೆಯವರು ಬರೆದಿದ್ದರೆ ಮೊದಲು ತಡೆಯುತ್ತಿದ್ದವರದು.

‘ಆಯ್ತು ಸಾ. ನಿಮ್ದು?’

ಆಮೇಲೆ ಪುಟ್ಟಮಲ್ಲಮ್ಮ, ‘ನಂದೂ ಆಯ್ತು ಕಣಪ್ಪಾ’. ಗೋಪಿನಾಥಂನವರು. ಮೈಸೂರಿನ ಸಂಶೋಧಕರು. ಮುತ್ತಯ್ಯ ಅಳುತ್ತಿದ್ದನೋ ನಗುತ್ತಿದ್ದನೋ, ‘ಆಯ್ತು ಅಣ್ಣಾವ್ರೇ, ಆಯ್ತು, ಆಯ್ತು’ ಎಂದಷ್ಟೇ ಕೇಳಿಸಿತು. ನಾನು ಹೆಸರೂ ಕೇಳದ ಎಷ್ಟೋ ಜನ. ಒಂದರ ಕೆಳಗೊಂದು ಆಯ್ತು, ಆಯ್ತು ಎಂದು ಬರುತ್ತಲೇ ಇತ್ತು. ಜಗಲಿಗೆ ಹಾಕಿ ಎಂದು ಯಾರೂ ಹೇಳಲಿಲ್ಲ.

ನಾನು ಒಂದೊಂದನ್ನೂ ಓದಿ ಹೇಳಿದೆ. ಓದಲು ಕಣ್ಣು ಕಾಣುತ್ತಿರಲಿಲ್ಲ. ಇವರು ಎಲ್ಲದಕ್ಕೂ ತಲೆಯಾಡಿಸಿದರು, ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಆಡಿಸುತ್ತಿದ್ದ ಹಾಗೆ. ತಟ್ಟೆಯನ್ನು ಅವರ ಮುಂದೆ ಇಟ್ಟೆ, ತುತ್ತು ಮಾಡಿದೆ, ‘ಬಾಯಿ ತೆಗೆಯಿರಿ’ ಎಂದೆ.

ತೆಗೆಯಲಿಲ್ಲ. ನನ್ನನ್ನೇ ನೋಡಿದರು. ಮತ್ತೆ ಬೆವರಿದರು. ತುಟಿ ಎರಡು ಸಲ ತಪ್ಪಿತು.

‘ನಿಂ...ದು?’

‘ಇಲ್ಲ’ ಎಂದೆ. ಬೆಳಗ್ಗೆಯೂ ಸರಿಯಾಗಿ ತಿಂದಿಲ್ಲ ಎಂಬುದನ್ನೂ ಹೇಳಿದೆ.

ನಾನು ಇನ್ನೊಂದು ತಟ್ಟೆ ತಂದು ಪಕ್ಕದಲ್ಲಿ ಕೂರುವವರೆಗೂ ಅವರು ಬಾಯಿ ತೆರೆಯಲಿಲ್ಲ.